ಅಂಗೈ ಮೇಲೆ ಯುದ್ಧವಿಮಾನ: ಕಡಿಮೆ ಖರ್ಚಿನಲ್ಲಿ ಚಿಕ್ಕ ಸ್ಕೇಲ್ ಡೈಕಾಸ್ಟ್ ಸಂಗ್ರಹ ಕಟ್ಟುವ ಬಗೆ

ನನ್ನ ಮೇಜಿನ ಮೇಲೆ 15 ಸೆಂಟಿಮೀಟರಿನ ಒಂದು ಸ್ಟೀಲ್ ಸ್ಕೇಲ್ ಇದೆ. ಮಗಳ ಜಾಮಿಟ್ರಿ ಬಾಕ್ಸಿನಿಂದ ಎಗರಿಸಿದ್ದು. ಹೊಸ ಡೈಕಾಸ್ಟ್ ವಿಮಾನ, ಅಂದರೆ ಲೋಹದ ಎರಕದ ಪುಟ್ಟ ಮಾಡೆಲ್, ಮನೆಗೆ ಬಂದ ದಿನ ಪೆಟ್ಟಿಗೆ ಬಿಚ್ಚಿ ಮೊದಲು ಮಾಡುವ ಕೆಲಸ ರೆಕ್ಕೆ ಅಳೆಯುವುದು. ಮಿಗ್-21ರ ರೆಕ್ಕೆ ಈ ತುದಿಯಿಂದ ಆ ತುದಿಗೆ 7.15 ಮೀಟರ್. 1:100 ಮಾಡೆಲ್ (ನಿಜದ ನೂರನೇ ಒಂದು ಭಾಗ) ಅಂತ ಬರೆದಿದ್ದರೆ 7.15 ಸೆಂಟಿಮೀಟರ್ ಇರಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಸರಿ. ಎಂಟು ಬಂತು ಅಂದರೆ ಅದು 1:100 ಅಲ್ಲ, ಪೆಟ್ಟಿಗೆ ಏನೇ ಹೇಳಲಿ.

ಈ ಚಟ ಹತ್ತಿದ್ದು ಒಂದು ಏಟು ತಿಂದ ಮೇಲೆ. ಶುರುವಿನ ದಿನಗಳಲ್ಲಿ ಆನ್‌ಲೈನ್‌ನಲ್ಲಿ ಒಬ್ಬರಿಂದ ಎಂಟು ವಿಮಾನಗಳ ಗಂಟನ್ನೇ ಕೊಂಡೆ. ‘ಎಲ್ಲಾ 1:100’ ಅಂದಿದ್ದರು. ಬಂದ ಮೇಲೆ ನೋಡಿದರೆ ಡಕೋಟಾ ಎಂಬ ಸಾಗಣೆ ವಿಮಾನ ಮತ್ತು ಮಸ್ಟಾಂಗ್ ಎಂಬ ಫೈಟರ್ ಅಣ್ಣ ತಮ್ಮನ ಹಾಗೆ ಕೂತಿವೆ. ನಿಜವಾದ ಡಕೋಟಾದ ರೆಕ್ಕೆ 29 ಮೀಟರ್, ಮಸ್ಟಾಂಗಿನದು 11.28. ಒಂದು ಸಿಟಿ ಬಸ್ಸು, ಇನ್ನೊಂದು ಮಾರುತಿ ಕಾರು ಅಂದುಕೊಳ್ಳಿ. ಎರಡನ್ನೂ ಒಂದೇ ಶೆಲ್ಫಿನಲ್ಲಿ ಇಡಲು ಮನಸ್ಸೇ ಬರಲಿಲ್ಲ.

ಅಗ್ಗದ ಮಾಡೆಲಿನಲ್ಲಿ ಬಣ್ಣ ಕೆಟ್ಟಿದ್ದರೆ ಸರಿ ಮಾಡಬಹುದು. ಮುರಿದ ಗಾಲಿ ಅಂಟಿಸಬಹುದು. ಸ್ಕೇಲ್, ಅಂದರೆ ನಿಜದ ಎಷ್ಟನೇ ಒಂದು ಭಾಗ ಎಂಬ ಅನುಪಾತ, ತಪ್ಪಿದ್ದರೆ ಮಾತ್ರ ಏನೂ ಮಾಡಲಾಗದು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಸ್ಕೇಲ್, ಆಮೇಲೆ ವಿಮಾನ

ಚಿಕ್ಕ ಸ್ಕೇಲ್ ಅಂದಾಗ ಲೆಕ್ಕಕ್ಕೆ ಬರುವುದು ನಾಲ್ಕು: 1:72, 1:100, 1:144, 1:200. ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ಮಾಡೆಲ್ ಚಿಕ್ಕದು. ಹೊಸಬರು ಇಲ್ಲಿ ಉಲ್ಟಾ ತಿಳಿದುಕೊಳ್ಳುತ್ತಾರೆ.

1:72 ಎಂಬ ವಿಚಿತ್ರ ಸಂಖ್ಯೆ ಬಂದಿದ್ದು ಅಡಿ-ಇಂಚಿನ ಲೆಕ್ಕದಿಂದ. ನಿಜದ ಆರು ಅಡಿ ಮಾಡೆಲಿನಲ್ಲಿ ಒಂದು ಇಂಚು, ಅಂದರೆ ಒಬ್ಬ ಆಳಿನ ಎತ್ತರಕ್ಕೆ ಒಂದಿಂಚು. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ಸೈನಿಕರಿಗೆ ಶತ್ರು ವಿಮಾನ ಯಾವುದು, ನಮ್ಮದು ಯಾವುದು ಅಂತ ಗುರುತಿಸುವುದನ್ನು ಕಲಿಸಲು ಐದು ಲಕ್ಷ ಮರದ ಮಾಡೆಲ್ ಬೇಕು ಎಂದು ಶಾಲಾ ಹುಡುಗರನ್ನು ಕೇಳಿತು. ಅವೂ 1:72. ಯುದ್ಧ ಮುಗಿದರೂ ಸ್ಕೇಲ್ ಉಳಿದುಕೊಂಡಿತು. 1:144 ಅದರ ಅರ್ಧ, ಇಂಚಿಗೆ ಹನ್ನೆರಡು ಅಡಿ.

1:100 ನಮ್ಮ ಕಾಲದ ಲೆಕ್ಕ. ಮೀಟರ್ ಇದ್ದದ್ದು ಸೆಂಟಿಮೀಟರ್. ಕ್ಯಾಲ್ಕುಲೇಟರ್ ಬೇಕಿಲ್ಲ, ವಿಮಾನದ ಅಳತೆ ಓದಿದರೆ ಶೆಲ್ಫಿನಲ್ಲಿ ಎಷ್ಟು ಜಾಗ ತಿನ್ನುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ನಾನು ಇದಕ್ಕೇ ಸೋತಿದ್ದು.

ಬೇರೆ ಸ್ಕೇಲಿಗೆ ಲೆಕ್ಕ ಹೀಗೆ: ಮೀಟರನ್ನು 100ರಿಂದ ಗುಣಿಸಿ ಸೆಂಟಿಮೀಟರ್ ಮಾಡಿ, ಅದನ್ನು ಸ್ಕೇಲ್ ಸಂಖ್ಯೆಯಿಂದ ಭಾಗಿಸಿ. ಸ್ಪಿಟ್‌ಫೈರ್ ಫೈಟರ್‌ನ ರೆಕ್ಕೆ 11.23 ಮೀಟರ್. 1:72ರಲ್ಲಿ 15.6 ಸೆಂಟಿಮೀಟರ್, 1:100ರಲ್ಲಿ 11.2, 1:144ರಲ್ಲಿ 7.8. ಮೂರೂ ಅಂಗೈ ಮೇಲೆ ಕೂರುತ್ತವೆ. ಈಗ ಲ್ಯಾಂಕಾಸ್ಟರ್ ಬಾಂಬರ್ ತೆಗೆದುಕೊಳ್ಳಿ, 31.09 ಮೀಟರ್. 1:72ರಲ್ಲಿ 43 ಸೆಂಟಿಮೀಟರ್ ಆಗುತ್ತದೆ! ಅದನ್ನು ಇಡಲು ಟಿವಿ ತೆಗೆಯಬೇಕು. 1:144ರಲ್ಲಾದರೆ 21.6, ಪುಸ್ತಕದ ಕಪಾಟಿನಲ್ಲೇ ಹಿಡಿಯುತ್ತದೆ. ಸುಖೋಯ್-30ರ ಉದ್ದ ಸುಮಾರು 22 ಮೀಟರ್, 1:72ರಲ್ಲಿ 30 ಸೆಂಟಿಮೀಟರ್. ಈಗಿನ ಫೈಟರ್‌ಗಳೂ ಚಿಕ್ಕವಲ್ಲ, ನೆನಪಿರಲಿ.

ನನ್ನ ಸಲಹೆ ಇಷ್ಟೇ. ಫೈಟರ್‌ಗಳಿಗೆ ಒಂದು ಸ್ಕೇಲ್, ನಾಲ್ಕು ಇಂಜಿನ್ನಿನ ದೊಡ್ಡವಕ್ಕೆ ಇನ್ನೊಂದು. ಎರಡೂ ಬೇರೆ ಬೇರೆ ಹಲಗೆಯ ಮೇಲೆ ಇರಲಿ. ನನ್ನಲ್ಲಿ ಮೇಲಿನ ಹಲಗೆ 1:100, ಕೆಳಗಿನದು 1:144. ಎರಡನ್ನು ಬೆರೆಸಿದರೆ ಕಣ್ಣಿಗೆ ಏನೋ ಕಿರಿಕಿರಿ.

‘ಪೆಟ್ಟಿಗೆ ಅಳತೆ’ ಮಾಡೆಲ್‌ಗಳನ್ನು ಗುರುತಿಸಿ

ನನ್ನನ್ನು ಕೆಡವಿದ ಹಳ್ಳ ಇದೇ. ಕೆಲವು ಕಂಪನಿಗಳು ಎಲ್ಲ ವಿಮಾನವನ್ನೂ ಹೆಚ್ಚುಕಡಿಮೆ ಒಂದೇ ಗಾತ್ರದ ಪೆಟ್ಟಿಗೆಗೆ ಹೊಂದುವಂತೆ ಮಾಡುತ್ತವೆ. ಫೈಟರ್ ಹಿಗ್ಗುತ್ತದೆ, ಬಾಂಬರ್ ಕುಗ್ಗುತ್ತದೆ. ಮ್ಯಾಚ್‌ಬಾಕ್ಸ್‌ನ ಸ್ಕೈಬಸ್ಟರ್ಸ್, ಮೈಸ್ಟೊದ ಟೈಲ್‌ವಿಂಡ್ಸ್, ಕಾರ್ಗಿಯ ಶೋಕೇಸ್ ಸಾಲು ಈ ಜಾತಿಗೆ ಸೇರಿದವು. ಕೆಟ್ಟವು ಅಂತ ಅಲ್ಲ. ಬೆಲೆ ಕಡಿಮೆ, ಗಟ್ಟಿ, ಮಕ್ಕಳ ಕೈಗೆ ಕೊಡಬಹುದು. ಜೊತೆಗಿಟ್ಟು ಹೋಲಿಸಲು ಮಾತ್ರ ಆಗದು.

ಪೋಸ್ಟೇಜ್ ಸ್ಟ್ಯಾಂಪ್ ಎಂಬ ಸಾಲು ಇನ್ನೊಂದು ಬಗೆ. ಇವರು ಪ್ರಾಮಾಣಿಕರು, ಪ್ರತಿ ಪೆಟ್ಟಿಗೆ ಮೇಲೂ ನಿಜವಾದ ಸ್ಕೇಲ್ ಹಾಕುತ್ತಾರೆ. ಮಸ್ಟಾಂಗ್ 1:100, ಸ್ಪಿಟ್‌ಫೈರ್ 1:93, ಬಿ-17 ಬಾಂಬರ್ 1:155. ಲೆಕ್ಕ ಹಾಕಿ ನೋಡಿ: ಮಸ್ಟಾಂಗ್ 11.3 ಸೆಂಟಿಮೀಟರ್, ಬಿ-17 20.4. ನಿಜದಲ್ಲಿ ಬಿ-17 ಮಸ್ಟಾಂಗಿನ ಹತ್ತಿರ ಹತ್ತಿರ ಮೂರು ಪಟ್ಟು ಅಗಲ. ಶೆಲ್ಫಿನಲ್ಲಿ ಎರಡು ಪಟ್ಟೂ ಇಲ್ಲ. ಹಾಗಾಗಿ ನಾನು ಈ ಸಾಲಿನಲ್ಲಿ 1:100 ಇರುವವನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ಸ್ಪಿಟ್‌ಫೈರ್ 1:93 ಆದರೂ ಇದೆ ನನ್ನ ಹತ್ತಿರ. ಏನು ಮಾಡುವುದು, ಚೆನ್ನಾಗಿತ್ತು.

ಮಾರುವವರು ಸ್ಕೇಲ್ ಹೇಳದಿದ್ದರೆ ಒಂದೇ ಪ್ರಶ್ನೆ ಕೇಳಿ: ‘ರೆಕ್ಕೆ ತುದಿಯಿಂದ ತುದಿಗೆ ಎಷ್ಟು ಸೆಂಟಿಮೀಟರ್? ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ಕಳಿಸಿ.’ ನಿಜದ ಅಳತೆಯನ್ನು ಅದರಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಮಸ್ಟಾಂಗ್ 9 ಸೆಂಟಿಮೀಟರ್ ಅಂದರೆ 1128 ಭಾಗಿಸು 9, ಸುಮಾರು 1:125. ಬೇಡ.

ಒಂದು ಕಥೆ ಆರಿಸಿಕೊಳ್ಳಿ

ಕಣ್ಣಿಗೆ ಬಿದ್ದದ್ದೆಲ್ಲ ಕೊಂಡರೆ ಆರು ತಿಂಗಳಲ್ಲಿ ಮನೆ ಗುಜರಿ ಅಂಗಡಿ ಆಗುತ್ತದೆ, ದುಡ್ಡೂ ಖಾಲಿ. ಒಂದು ಎಳೆ ಹಿಡಿಯಿರಿ. ಒಂದು ಯುದ್ಧ, ಒಂದು ವಾಯುಪಡೆ, ಒಬ್ಬ ವಿನ್ಯಾಸಕಾರ, ಯಾವುದಾದರೂ ಸರಿ. ಅದಕ್ಕೆ ಹತ್ತೋ ಹದಿನೈದೋ ವಿಮಾನದ ಪಟ್ಟಿ ಮಾಡಿ ಅಲ್ಲಿಗೆ ನಿಲ್ಲಿಸಿ.

ನಾನು ಹಿಡಿದ ಎಳೆ ಬೆಂಗಳೂರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಈಗಿನ ಎಚ್‌ಎಎಲ್) ಕಾರ್ಖಾನೆಯನ್ನು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ಶುರು ಮಾಡಿದ್ದು 1940ರ ಕೊನೆಯಲ್ಲಿ, ಮೈಸೂರು ಸರ್ಕಾರವೂ ಕೈ ಜೋಡಿಸಿತ್ತು. 1942ರಲ್ಲಿ ಇಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಫೈಟರ್ ಹಾರಿತು. 1943ರಲ್ಲಿ ಅಮೆರಿಕದ ವಾಯುಪಡೆ ಕಾರ್ಖಾನೆಯನ್ನೇ ತನ್ನ ರಿಪೇರಿ ಡಿಪೋ ಮಾಡಿಕೊಂಡಿತು. ಡಕೋಟಾ, ಲಿಬರೇಟರ್ ಮತ್ತು ಮಿಚೆಲ್ ಬಾಂಬರ್‌ಗಳು ಎಲ್ಲ ಇಲ್ಲಿಗೆ ಬಂದು ದುರಸ್ತಿ ಆದವು. ಕ್ಯಾಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನ ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿತ್ತು. ಈಗಿನ ಬೆಳ್ಳಂದೂರು ಕೆರೆ ನೋಡಿದವರು ನಂಬಲಿಕ್ಕಿಲ್ಲ, ಅಲ್ವಾ? ಆಮೇಲೆ ಇಲ್ಲಿ ತಯಾರಾದ ಫೈಟರ್‌ಗಳು: ವ್ಯಾಂಪೈರ್, ನ್ಯಾಟ್, ಮಾರುತ್, ಅಜೀತ್, ಜಾಗ್ವಾರ್, ತೇಜಸ್. ನೋಡಿ, ಒಂದು ಪಟ್ಟಿ ತಾನಾಗಿಯೇ ಹುಟ್ಟಿತು. ಇದರಲ್ಲಿ ಮಹಾಯುದ್ಧದ ಕಾಲದ್ದು ಅಗ್ಗಕ್ಕೆ ಸುಲಭವಾಗಿ ಸಿಗುತ್ತದೆ, ಯಾಕೆಂದರೆ ಡಕೋಟಾವನ್ನು ಇಡೀ ಜಗತ್ತು ಬಳಸಿತ್ತು.

ಕೊಡಗಿನವರಾದರೆ 1965ರ ಸೆಪ್ಟೆಂಬರ್ 7 ತೆಗೆದುಕೊಳ್ಳಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ವಿಮಾನದಿಂದ ಅವರ ಎಫ್-104 ಸ್ಟಾರ್‌ಫೈಟರನ್ನು ಹೊಡೆದುರುಳಿಸಿ ತಾವೂ ಮರಳಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಸ್ಟಾರ್‌ಫೈಟರ್ ಮಾಡೆಲ್ ಬೇಕಾದಷ್ಟು ಇವೆ. ಮಿಸ್ಟೇರ್‌ಗೆ ಸ್ವಲ್ಪ ಅಲೆಯಬೇಕು. ಎರಡೇ ವಿಮಾನ, ಒಂದು ಪೂರ್ತಿ ಕಥೆ.

ಒಂದೇ ಸ್ಕೇಲ್ ಯಾಕೆ ಅಂತ ಈಗಲೂ ಅನುಮಾನ ಇದ್ದರೆ ಅದೇ ಯುದ್ಧದ ನಮ್ಮ ನ್ಯಾಟ್ ಮತ್ತು ಪಾಕಿಸ್ತಾನದ ಸೇಬರ್ ನೆನೆಯಿರಿ. ನ್ಯಾಟ್ ರೆಕ್ಕೆ 6.75 ಮೀಟರ್, ಸೇಬರ್ 11.3. ಕಾಗದದಲ್ಲಿ 1:100ಕ್ಕೆ ಕತ್ತರಿಸಿ ಪಕ್ಕ ಪಕ್ಕ ಇಡಿ. ಆಕಾಶದಲ್ಲಿ ನ್ಯಾಟ್ ಕಣ್ಣಿಗೆ ಬೀಳುವುದೇ ಯಾಕೆ ಕಷ್ಟವಾಗಿತ್ತು ಅಂತ ಯಾರೂ ಹೇಳಬೇಕಾಗಿಲ್ಲ.

ಯಾರು ಏನು ಮಾಡುತ್ತಾರೆ

ಹಾಬಿ ಮಾಸ್ಟರ್ ಮತ್ತು ಕಾರ್ಗಿಯ ಏವಿಯೇಷನ್ ಆರ್ಕೈವ್ 1:72ರಲ್ಲಿ ತುಂಬ ಅಂದವಾದ ಕೆಲಸ ಮಾಡುತ್ತವೆ. ನಮ್ಮ ವಾಯುಪಡೆಯ ಸುಖೋಯ್-30 ಎಂಕೆಐ ಕೂಡ ಹಾಬಿ ಮಾಸ್ಟರ್‌ನಲ್ಲಿ ಬಂದಿದೆ. ಆದರೆ ಅವು ಅಗ್ಗದ ಮಾತಿಗೆ ಸೇರುವುದಿಲ್ಲ. ಆಸೆಯಾದರೆ ವರ್ಷಕ್ಕೊಂದು ಹುಟ್ಟುಹಬ್ಬಕ್ಕೆ.

ನಮ್ಮಂಥವರಿಗೆ ನಿಜವಾದ ಗಣಿ ಎಂದರೆ ಕಂತಿನ ಪತ್ರಿಕೆಗಳು. ಯುರೋಪಿನಲ್ಲಿ ಪತ್ರಿಕೆ ಅಂಗಡಿಗಳಲ್ಲಿ ಒಂದು ತೆಳು ಪುಸ್ತಕದ ಜೊತೆ ಒಂದು ಮಾಡೆಲ್ ಸೇರಿಸಿ ಮಾರುವ ಪದ್ಧತಿ ಇದೆ. ಮೊದಲ ಸಂಚಿಕೆ ತೀರಾ ಅಗ್ಗ, ಆಮೇಲೆ ಬೆಲೆ ಏರುತ್ತದೆ. ಡೆಲ್ ಪ್ರಾಡೊ, ಅಲ್ತಾಯಾ, ಅಟ್ಲಾಸ್, ಅಮೆರ್ಕಾಮ್ ಎಂಬ ಹೆಸರುಗಳೆಲ್ಲ ಈ ದಾರಿಯಿಂದ ಬಂದವು. 1:72ರ ಫೈಟರ್, 1:144ರ ಬಾಂಬರ್ ಎರಡೂ ಇದರಲ್ಲಿವೆ. ಜನ ಅರ್ಧಕ್ಕೆ ಬಿಟ್ಟು ಮಾರಿಬಿಡುತ್ತಾರೆ. ಹಾಗಾಗಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಇವು ಧಾರಾಳ. ಇಟಾಲೆರಿಯ ಹೆಸರಿನಲ್ಲಿ ಬಂದ 1:100 ಜೆಟ್‌ಗಳೂ ಕೈಗೆಟುಕುವಂಥವು. ಬ್ರಿಟನ್ನಿನ ಆಕ್ಸ್‌ಫರ್ಡ್ ಡೈಕಾಸ್ಟ್ 1:72ರಲ್ಲಿ ಕಾರ್ಗಿಗಿಂತ ಕಡಿಮೆ ಬೆಲೆಗೆ ಕೊಡುತ್ತದೆ.

ಜಪಾನಿನ ಎಫ್-ಟಾಯ್ಸ್ 1:144 ವಿಮಾನಗಳು ಪ್ಲಾಸ್ಟಿಕ್. ಚೂಯಿಂಗ್ ಗಮ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಬರುತ್ತವೆ, ಒಳಗೆ ಯಾವುದಿದೆ ಅಂತ ಗೊತ್ತಿರುವುದಿಲ್ಲ. ಡೈಕಾಸ್ಟ್ ಅಲ್ಲ ಅಂತ ಮೂಗು ಮುರಿಯಬೇಡಿ. ಅಷ್ಟು ಚಿಕ್ಕ ಸ್ಕೇಲಿನಲ್ಲಿ ಅಚ್ಚಿನ ನಯ ನೋಡಿದರೆ ಲೋಹದವು ನಾಚಬೇಕು. ತೂಕ ಜಾಸ್ತಿ ಇದ್ದರೆ ಮಾಲು ಚೆನ್ನಾಗಿದೆ ಅನ್ನುವುದು ತರಕಾರಿ ಮಾರ್ಕೆಟ್ಟಿನ ಲೆಕ್ಕ, ಇಲ್ಲಿ ನಡೆಯುವುದಿಲ್ಲ.

ಕೊಳ್ಳುವಾಗ ಪೂರ್ತಿ ಖರ್ಚು ನೋಡಿ

ಹೊರದೇಶದ ವೆಬ್‌ಸೈಟಿನಲ್ಲಿ ಸಾವಿರ ರೂಪಾಯಿ ಅಂತ ನೋಡಿ ಕುಣಿದಾಡಬೇಡಿ. ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆ, ಸ್ಕೇಲ್ ಮಾಡೆಲ್ ಎರಡೂ 9503 ಎಂಬ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಅದರ ಸುಂಕ 2020ರಲ್ಲಿ ನೂರಕ್ಕೆ 20 ಇದ್ದದ್ದು 60 ಆಯಿತು, 2023ರ ಬಜೆಟ್ಟಿನಲ್ಲಿ 70. ಅದೂ ಮಾಡೆಲಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆಯನ್ನೂ ಸೇರಿಸಿ. ಮಾಡೆಲ್ ಸಾವಿರ, ಸಾಗಣೆ ಸಾವಿರ, 70ರ ದರದಲ್ಲಿ ಸುಂಕ 1400. ಅಲ್ಲಿಗೇ 3400 ಆಯಿತು. ಅದರ ಮೇಲೆ ಜಿಎಸ್‌ಟಿ ಬೇರೆ. ತರಿಸುವ ದಿನ ನಿಮ್ಮ ಪಾರ್ಸೆಲ್ಲಿಗೆ ಯಾವ ದರ ಬೀಳುತ್ತದೆ ಅಂತ ನೋಡಿಕೊಂಡೇ ಮುಂದುವರಿಯಿರಿ. 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ‘ಇದು ದೊಡ್ಡವರ ಸಂಗ್ರಹಕ್ಕೆ’ ಅಂತ ಪೆಟ್ಟಿಗೆ ಮೇಲೆ ಇದ್ದರೂ ಪಾರ್ಸೆಲ್ ತಡೆದು ಪ್ರಶ್ನೆ ಕೇಳಬಹುದು.

ಹಾಗಾಗಿ ನನ್ನ ದಾರಿ ಮೂರು. ಒಂದು, ದೇಶದೊಳಗಿನ ಸಂಗ್ರಹಕಾರರಿಂದ ಸೆಕೆಂಡ್‌ಹ್ಯಾಂಡ್ ಕೊಳ್ಳುವುದು. ಯಾರೋ ದೊಡ್ಡ ಸ್ಕೇಲಿಗೆ ಹೋಗುತ್ತಾರೆ, ಯಾರೋ ಮನೆ ಬದಲಿಸುತ್ತಾರೆ, ಯಾರಿಗೋ ಮದುವೆ ಗೊತ್ತಾಗುತ್ತದೆ. ಎರಡು, ಯಲಹಂಕದ ಏರೋ ಇಂಡಿಯಾದ ಮಳಿಗೆಗಳು. ಕೊನೆಯ ದಿನ ಮಧ್ಯಾಹ್ನದ ಮೇಲೆ ಹೋಗಿ, ವಾಪಸ್ ಹೊತ್ತುಕೊಂಡು ಹೋಗುವುದಕ್ಕಿಂತ ಬಿಡುವುದೇ ವಾಸಿ ಅನ್ನುವ ಮನಸ್ಸಿನಲ್ಲಿರುತ್ತಾರೆ. ಮೂರು, ಹೊರದೇಶದಿಂದ ಬರುವ ನೆಂಟರು. ನಮ್ಮಕ್ಕನ ಮಗ ಬರುವಾಗ ಎರಡು ತರುತ್ತಾನೆ. ‘ಮಾವ, ನಿಮ್ಮ ವಯಸ್ಸಿಗೆ ಇದೆಲ್ಲ ಬೇಕಾ?’ ಅಂತ ಪ್ರತಿ ಸಲ ಕೇಳುತ್ತಾನೆ. ತರುವುದನ್ನು ಮಾತ್ರ ಬಿಟ್ಟಿಲ್ಲ.

ಒಂದು ಮಿತಿ ಹಾಕಿಕೊಳ್ಳಿ. ನನ್ನದು ಮನೆ ಬಾಗಿಲಿಗೆ ಬಂದಾಗ ಎರಡು ಸಾವಿರ. ಅದಕ್ಕಿಂತ ಮೇಲಿನದು ಎಷ್ಟೇ ಚೆಂದ ಇದ್ದರೂ ಒಂದು ವಾರ ಕಾಯುತ್ತೇನೆ. ವಾರದ ಮೇಲೆ ಅರ್ಧಕ್ಕರ್ಧ ಆಸೆ ತಾನೇ ಇಳಿದಿರುತ್ತದೆ.

ಫೋಟೋದಲ್ಲಿ ಏನು ನೋಡಬೇಕು

ನಾಲ್ಕು ಕಡೆಯ ಫೋಟೋ ಕೇಳಿ: ಮೇಲಿನಿಂದ, ಪಕ್ಕದಿಂದ, ಎದುರಿನಿಂದ, ಹೊಟ್ಟೆ ಕಡೆಯಿಂದ. ಮೊದಲು ಆಕಾರ ನೋಡಿ, ಬಣ್ಣ ಆಮೇಲೆ. ಮೂತಿ ಉಬ್ಬಿದೆಯಾ, ಕಾಕ್‌ಪಿಟ್ಟಿನ ಗಾಜು ತುಂಬ ಎತ್ತರ ಆಗಿದೆಯಾ, ಎದುರಿನಿಂದ ನೋಡಿದಾಗ ಎರಡೂ ರೆಕ್ಕೆ ಒಂದೇ ಕೋನದಲ್ಲಿ ಏರಿವೆಯಾ? ಆಕಾರ ಸರಿ ಇದ್ದರೆ ಎರಡು ಅಡಿ ದೂರದಿಂದ ಅಗ್ಗದ ಮಾಡೆಲ್ಲೂ ನಂಬಿಸುತ್ತದೆ.

ಆಮೇಲೆ ಪ್ಯಾನೆಲ್ ಗೆರೆಗಳು, ಅಂದರೆ ವಿಮಾನದ ತಗಡುಗಳು ಕೂಡುವ ಕಡೆಯ ಗೆರೆಗಳು. ಅಗ್ಗದವುಗಳಲ್ಲಿ ಇವು ಆಳವಾಗಿರುತ್ತವೆ. 1:100ರಲ್ಲಿ 0.3 ಮಿಲಿಮೀಟರ್ ಅಗಲದ ಗೆರೆ ಅಂದರೆ ನಿಜವಾದ ವಿಮಾನದಲ್ಲಿ 3 ಸೆಂಟಿಮೀಟರ್ ಅಗಲದ ಚರಂಡಿ. ಆ ವಿಮಾನದಲ್ಲಿ ನೀವು ಹತ್ತುತ್ತೀರಾ? ರೆಕ್ಕೆ ಮತ್ತು ಮೈ ಕೂಡುವ ಸಂದಿನಲ್ಲಿ ಬೆಳಕು ತೂರಿದರೆ ಅದನ್ನೂ ಗಮನಿಸಿ. ಪಿಟೋ ಕೊಳವೆ (ವೇಗ ಅಳೆಯುವ ಸಣ್ಣ ಕೊಳವೆ), ಆಂಟೆನಾ, ಪ್ರೊಪೆಲ್ಲರ್, ಗಾಲಿ ಬಾಗಿಲು, ಇವು ಸೆಕೆಂಡ್‌ಹ್ಯಾಂಡಿನಲ್ಲಿ ಮೊದಲು ಕಳೆದುಹೋಗುವ ಸಾಮಾನು. ಎಣಿಸಿಕೊಳ್ಳಿ.

ಗುರುತುಗಳ ಬಗ್ಗೆ ಒಂದು ಮಾತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಹಾರಿದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ಗುರುತಿನ ವೃತ್ತದಲ್ಲಿ ಕೆಂಪು ಇರುವುದಿಲ್ಲ. ಜಪಾನಿನ ಕೆಂಪು ಸೂರ್ಯ ಅಂತ ಗೊಂದಲವಾಗಿ ನಮ್ಮವರನ್ನೇ ಹೊಡೆದುಬಿಟ್ಟಾರು ಅಂತ ತೆಗೆದುಹಾಕಿದ್ದು. ಕಡು ನೀಲಿ, ತಿಳಿ ನೀಲಿ ಎರಡೇ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್. ಆ ಕಥೆಗೆ ಅಂತ ಕೆಂಪು ಚುಕ್ಕೆಯ ಹರಿಕೇನ್ ಕೊಂಡರೆ ಲಂಡನ್ನಿನದು ಇಂಫಾಲಕ್ಕೆ ಬಂದ ಹಾಗೆ.

ತುಂಬ ಹಳೆಯ ಲೋಹದ ಆಟಿಕೆ ಸಿಕ್ಕಿದರೆ ಬಿರುಕು ಹುಡುಕಿ. ಡೈಕಾಸ್ಟ್ ಅಂದರೆ ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಒತ್ತಿದ ಎರಕ. ಅದರಲ್ಲಿ ಸೀಸ ಬೆರೆತಿದ್ದರೆ ವರ್ಷಗಳ ಮೇಲೆ ಒಳಗಿನಿಂದಲೇ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಜಿಂಕ್ ಪೆಸ್ಟ್ ಅನ್ನುತ್ತಾರೆ. ಯುದ್ಧಕ್ಕೆ ಮುಂಚಿನ ಆಟಿಕೆಗಳಲ್ಲಿ ಇದು ಜಾಸ್ತಿ. ಔಷಧಿ ಇಲ್ಲ. ಕೊಳ್ಳಬೇಡಿ, ಅಷ್ಟೇ.

ಮನೆಯಲ್ಲೇ ಮಾಡುವ ರಿಪೇರಿ

ಅಗ್ಗದ ಸಂಗ್ರಹದ ಮಜಾ ಇರುವುದೇ ಇಲ್ಲಿ. ಸಾವಿರದ ಮಾಡೆಲ್ಲಿಗೆ ಒಂದು ಭಾನುವಾರ ಹಾಕಿದರೆ ಮೂರು ಸಾವಿರದ ಹಾಗೆ ಕಾಣುತ್ತದೆ.

ನನ್ನ ಮಿಗ್-21ರ ಮೂತಿಯ ಕೊಳವೆ ಬಾಡಿದ ಹುರುಳಿಕಾಯಿ ಥರ ಬಾಗಿತ್ತು. ಇಂಥ ಮೆದು ಪ್ಲಾಸ್ಟಿಕ್ಕಿಗೆ ಬಿಸಿನೀರು ಸಾಕು. ಒಂದು ಸ್ಟೀಲ್ ಲೋಟದಲ್ಲಿ ಕುದಿದು ಇಳಿಸಿದ ನೀರು, ಇನ್ನೊಂದರಲ್ಲಿ ತಣ್ಣೀರು. ಕೊಳವೆಯನ್ನಷ್ಟೇ ಹತ್ತು ಎಣಿಸುವವರೆಗೆ ಬಿಸಿಯಲ್ಲಿ ಅದ್ದಿ. ತೆಗೆದು ಎರಡು ಬೆರಳಲ್ಲಿ ನೇರ ಮಾಡಿ, ಹಿಡಿದುಕೊಂಡೇ ತಣ್ಣೀರಿಗೆ ಹಾಕಿ. ಒಂದೇ ಸಲಕ್ಕೆ ಆಗಲಿಲ್ಲ ಅಂದರೆ ಮತ್ತೆ. ನನಗೆ ಮೂರು ಸಲ ಬೇಕಾಯಿತು. ಪೂರ್ತಿ ಮುರಿದೇ ಹೋಗಿದ್ದರೆ ತಲೆ ಕತ್ತರಿಸಿದ ಗುಂಡುಸೂಜಿ ಅದರ ಜಾಗಕ್ಕೆ ಸರಿಯಾಗಿ ಕೂರುತ್ತದೆ.

ಅಂಟಿನ ವಿಷಯದಲ್ಲಿ ಹುಷಾರು. ಕಾಕ್‌ಪಿಟ್ಟಿನ ಗಾಜಿಗೆ ಫೆವಿಕ್ವಿಕ್ ಹಾಕಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಿನ ಹಾಗೆ ಕೂತುಬಿಡುತ್ತದೆ. ಗಾಜಿಗೆ ಸಾದಾ ಬಿಳಿ ಫೆವಿಕಾಲ್, ಟೂತ್‌ಪಿಕ್ ತುದಿಯಲ್ಲಿ ಒಂದು ಚುಕ್ಕೆ. ಒಣಗಿದರೆ ಕಾಣುವುದಿಲ್ಲ, ಜಾಸ್ತಿಯಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಹೊಳೆಯುವ ಬಣ್ಣ ಮಾಡೆಲನ್ನು ಆಟಿಕೆ ಮಾಡಿಬಿಡುತ್ತದೆ. ಮ್ಯಾಟ್ ವಾರ್ನಿಶ್ ತೆಳುವಾಗಿ ಸಿಂಪಡಿಸಿ, ಗಾಜಿಗೆ ಮುಂಚೆಯೇ ಟೇಪ್ ಅಂಟಿಸಿರಿ. ಮೊದಲು ಹೊಟ್ಟೆ ಕಡೆ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ, ಕೆಲವು ಬಣ್ಣ ಸುಕ್ಕುಗಟ್ಟುತ್ತದೆ. ಗೆರೆಗಳಿಗೆ ಕಪ್ಪು-ಕಂದು ಪೋಸ್ಟರ್ ಬಣ್ಣವನ್ನು ಟೀ ಡಿಕಾಕ್ಷನ್ನಿನಷ್ಟು ನೀರು ಮಾಡಿ ಹರಿಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿದರೆ ಚೆನ್ನಾಗಿ ಹರಡುತ್ತದೆ. ಅರ್ಧ ಗಂಟೆ ಬಿಟ್ಟು ಗಾಳಿ ಹರಿಯುವ ದಿಕ್ಕಿನಲ್ಲಿ, ಅಂದರೆ ಮೂತಿಯಿಂದ ಬಾಲಕ್ಕೆ, ಒರೆಸಿ. ಇಂಜಿನ್ ಹೊಗೆಗೂ ಅದೇ ದಿಕ್ಕು. ಆದರೆ ಎಲ್ಲವನ್ನೂ ಇಷ್ಟು ಕೊಳಕು ಮಾಡುವ ಅಗತ್ಯ ಇಲ್ಲ. ನಾನು ಮೊದಲ ವರ್ಷ ಮಾಡಿದವೆಲ್ಲ ಒಲೆಯಿಂದ ಎದ್ದು ಬಂದ ಹಾಗಿವೆ.

ಇಡುವುದು, ಒರೆಸುವುದು

ಗಾಜಿನ ಬಾಗಿಲಿನ ಕಪಾಟು ಇದ್ದರೆ ಅರ್ಧ ಕೆಲಸ ಮುಗಿಯಿತು. ಬಿಸಿಲು ನೇರ ಬೀಳಬಾರದು, ಬಿಳಿ ಡೀಕಾಲ್ (ಅಂಟಿಸಿದ ಗುರುತು) ಹಳದಿಯಾಗುತ್ತದೆ. ಧೂಳಿಗೆ ಮೆದುವಾದ ಮೇಕಪ್ ಬ್ರಶ್, ರೆಕ್ಕೆಯ ಬುಡದಿಂದ ತುದಿಗೆ. ಬಟ್ಟೆ ಹಾಕಿದಿರೋ ಆಂಟೆನಾ ಹೋಯಿತು ಅಂತ ತಿಳಿಯಿರಿ. ಮನೆಯಲ್ಲಿ ಕಸ ಹೊಡೆಯಲು ಬರುವವರಿಗೆ ‘ಆ ಕಪಾಟು ನಾನೇ ನೋಡಿಕೊಳ್ಳುತ್ತೇನೆ’ ಅಂತ ಮೊದಲ ದಿನವೇ ಹೇಳಿಬಿಡಿ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲ ದೊಡ್ಡ ಶತ್ರು. ಬಣ್ಣ ಕಿತ್ತ ಕಡೆ ಸತುವಿಗೆ ಬಿಳಿ ಪುಡಿ ಕಟ್ಟುತ್ತದೆ. ಕಪಾಟಿನ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಶೂ ಡಬ್ಬಿಯಲ್ಲಿ ಬಂದದ್ದನ್ನು ಎಸೆಯಬೇಡಿ. ಎತ್ತಿಡುವ ಮಾಡೆಲನ್ನು ಬಬಲ್ ರ್‍ಯಾಪಿನಲ್ಲಿ ನೇರವಾಗಿ ಸುತ್ತಬೇಡಿ. ಸೆಖೆಗೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಮೂಡುತ್ತದೆ. ಒಳಗೆ ಟಿಶ್ಯೂ ಕಾಗದ, ಅದರ ಮೇಲೆ ಬಬಲ್.

ಗಾಲಿ ಮೇಲೆ ನಿಲ್ಲಿಸುವುದಕ್ಕಿಂತ ಹಾರುವ ಹಾಗೆ ಸ್ಟ್ಯಾಂಡಿನ ಮೇಲೆ ಇಟ್ಟರೆ ಜಾಗ ಉಳಿಯುತ್ತದೆ. ರೆಕ್ಕೆಗಳನ್ನು ಒಂದರ ಮೇಲೊಂದು ಬರುವಂತೆ ಬೇರೆ ಬೇರೆ ಎತ್ತರದಲ್ಲಿ ಇಡಬಹುದು. ಗಾಲಿಗಳ ಅನುಪಾತ ಅಗ್ಗದವುಗಳಲ್ಲಿ ಹೇಗೂ ಸರಿ ಇರುವುದಿಲ್ಲ, ಅದೂ ಮುಚ್ಚಿಹೋಗುತ್ತದೆ.

ಒಂದು ಪುಸ್ತಕ ಇಟ್ಟುಕೊಳ್ಳಿ. ವಿಮಾನ, ಸ್ಕೇಲ್, ಅಳೆದ ರೆಕ್ಕೆ, ಎಲ್ಲಾ ಸೇರಿ ಎಷ್ಟು ಬಿತ್ತು, ಯಾವತ್ತು. ನನ್ನ ಪುಸ್ತಕದಲ್ಲಿ ‘ಖರ್ಚು’ ಕಾಲಂ ಮನೆಯವರಿಗೆ ಅರ್ಥ ಆಗದಂತೆ ಬರೆದಿದೆ. ಅದು ನಿಮ್ಮ ನಿಮ್ಮ ಸಂಸಾರಕ್ಕೆ ಬಿಟ್ಟದ್ದು.

ಮೇಲಿನ ಹಲಗೆಯಲ್ಲಿ ಬೆಂಗಳೂರಿನ ಎಳೆಗೆ ಸೇರದ ಒಂದು ಜರ್ಮನ್ ವಿಮಾನ ಇದೆ, ಫೋಕೆ-ವುಲ್ಫ್ 190. ಬಂದವರು ಇದ್ಯಾಕೆ ಇಲ್ಲಿ ಅಂತ ಕೇಳುತ್ತಾರೆ. ಅದನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಆಮೇಲೆ ಬೆಂಗಳೂರಿಗೆ ಬಂದು ಮಾರುತ್ ಫೈಟರನ್ನು ರೂಪಿಸಿದರು. ಅದು ಮೊದಲು ಹಾರಿದ್ದು 1961ರ ಜೂನ್ 17ರಂದು. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ಈಗಲೂ ಒಂದು ಮಾರುತ್ ನಿಂತಿದೆ, ಸುತ್ತ ಒಂದು ಸುತ್ತು ಹಾಕಿ ನೋಡಬಹುದು. 1:100ರಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಮಾರುತ್ ರೆಕ್ಕೆ 9 ಮೀಟರ್. ಫೋಕೆ-ವುಲ್ಫ್ ಪಕ್ಕದಲ್ಲಿ 9 ಸೆಂಟಿಮೀಟರ್ ಅಳೆದು ಜಾಗ ಬಿಟ್ಟಿದ್ದೇನೆ.